ಒಬ್ಬರ ತೂಕ

ಮನುಷ್ಯನನ್ನು ಮನೆಯ ಒಂದು ಭಾಗವೆಂದು ಹಿಡಿಯಬಹುದೇ? ಗೋಡೆ, ಕಂಬ, ಚಾವಣಿ ಇದ್ದ ಹಾಗೆ, ಒಬ್ಬ ಮನುಷ್ಯ? ಕಟ್ಟಡ ನಿಯಮಗಳ ಆರುನೂರ ಹನ್ನೆರಡು ಪುಟಗಳನ್ನು ನಾನು ಎರಡು ಸಲ ಓದಿದ್ದೇನೆ. ಹಿಡಿಯುವಂತಿಲ್ಲ. ಒಳಗೆ ಯಾರೂ ಇಲ್ಲದಾಗಲೂ ಮನೆ ತಾನಾಗಿ ನಿಲ್ಲಬೇಕು ಎನ್ನುತ್ತದೆ ನಿಯಮ. ಓದಿದರೆ ಅದರಲ್ಲಿ ತಪ್ಪೇನೂ ಕಾಣುವುದಿಲ್ಲ. ನನಗೂ ಕಂಡಿರಲಿಲ್ಲ.

ನನ್ನ ಹೆಸರು ಮಾಳಪ್ಪ. ರಾಣೆಬೆನ್ನೂರಿನ ಹತ್ತಿರದ ಮೆಡ್ಲೇರಿಯವನು. ನಮ್ಮದು ಕಂಬಳಿ ನೇಯುವ ಮನೆತನ. ನಾನು ಇಂಜಿನಿಯರಿಂಗ್ ಕಾಲೇಜಿನ ಮೆಟ್ಟಿಲು ಹತ್ತಿದ್ದು ಅಲ್ಲಿಯ ಫ್ಯಾನು ರಿಪೇರಿಗೆ. ರಿಪೇರಿ ಮಾಡುತ್ತ ಮಾಡುತ್ತ ಅಲ್ಲಿದ್ದ ಪುಸ್ತಕಗಳನ್ನೂ ಬಿಚ್ಚಿ ನೋಡಿದೆ. ಆಮೇಲೆ ಫ್ಯಾನು ದೊಡ್ಡದಾಗುತ್ತ ಹೋಯಿತು. ಕೊನೆಗೆ, ಒಂದು ಇಡೀ ಮನೆಯನ್ನೇ ನಿಲ್ಲಿಸಿ ಅದರ ಮೇಲೆ ಬಿರುಗಾಳಿ ಬಿಡುವ ಪರೀಕ್ಷೆಯ ಹಾಲಿಗೆ ಬಂದು ನಿಂತೆ. ಹದಿನಾರು ಫ್ಯಾನು, ಒಂದೊಂದೂ ಎರಡಾಳೆತ್ತರ. ಆ ಹಾಲು ಇದ್ದದ್ದು ಮಂಗೋಲಿಯಾದ ಉತ್ತರದ ಹುಲ್ಲುಬಯಲಿನ ಶರ್‌ಗೋಲ್ ಎಂಬ ಊರಿನಲ್ಲಿ.

ಅಲ್ಲಿ ಯಾಕೆ ಎಂದರೆ, ಆ ಕಾಲಕ್ಕೆ ಭೂಮಿಯ ಬಿಸಿಯೇರಿ, ಸಾವಿರಾರು ವರ್ಷ ಹೆಪ್ಪುಗಟ್ಟಿಕೊಂಡೇ ಇದ್ದ ಆ ಕಡೆಯ ನೆಲ ಕರಗತೊಡಗಿತ್ತು. ಕಾಂಕ್ರೀಟಿನ ಕಟ್ಟಡ ಕಟ್ಟಿದರೆ ಎರಡನೆಯ ಬೇಸಿಗೆಗೆ ಒಂದು ಮೂಲೆ ಮುಳುಗುತ್ತಿತ್ತು, ನಾಲ್ಕನೆಯದಕ್ಕೆ ಗೋಡೆ ಬಾಯಿ ಬಿಡುತ್ತಿತ್ತು. ನೆಲವನ್ನು ಕಚ್ಚಿ ಹಿಡಿಯದೆ ಅದರ ಮೇಲೆ ಸುಮ್ಮನೆ ಕೂತಿರುವ ಮನೆಯೇ ಅಲ್ಲಿ ಬಾಳುವ ಮನೆ. ಅಂಥದ್ದು ಅಲ್ಲಿಯ ಕುರಿಗಾರರ ಹತ್ತಿರ ಮೊದಲಿನಿಂದಲೂ ಇತ್ತು. ಅವರು ಗೆರ್ ಎನ್ನುತ್ತಾರೆ, ಹೊರಗಿನವರು ಯರ್ಟ್ ಎನ್ನುತ್ತಾರೆ. ಬಿಚ್ಚಿ ಮಡಿಚುವ ಮರದ ಜಾಲರಿಯೇ ದುಂಡನೆಯ ಗೋಡೆ. ಅದರ ಮೇಲಿಂದ ಕೊಡೆಯ ಕಡ್ಡಿಗಳ ಹಾಗೆ ಎಂಬತ್ತೊಂದು ಕೋಲು ಎದ್ದು, ನೆತ್ತಿಯಲ್ಲಿ ಗಾಡಿಯ ಗಾಲಿಯಂಥ ಮರದ ಚಕ್ರವೊಂದರ ತೂತುಗಳಲ್ಲಿ ಸಿಕ್ಕಿಕೊಂಡಿರುತ್ತವೆ. ನಾನು ಅದನ್ನು ನೆತ್ತಿಗಾಲಿ ಎಂದು ಕರೆದೆ. ಮೈಮೇಲೆಲ್ಲ ಉಣ್ಣೆಯ ದಪ್ಪ ಹೊದಿಕೆ. ಉಣ್ಣೆಗೆ ನೀರು ಹಾಕಿ ಉರುಳಿಸಿ ಉರುಳಿಸಿ ಗಟ್ಟಿ ಮಾಡಿದ್ದು. ಮೊದಲ ದಿನ ಅದನ್ನು ಮೂಸಿ ನೋಡಿದೆ. ನಮ್ಮ ಮನೆಯದೇ ವಾಸನೆ.

ತೊಡಕು ಬಂದದ್ದು ಆ ಊರಿನ ಹೊಸ ಕಾನೂನಿನಿಂದ. ಕಟ್ಟಡ ನಿಯಮಕ್ಕೆ ಒಪ್ಪುವ ಮನೆಗೆ ಮಾತ್ರ ಕರೆಂಟು ಮತ್ತು ಬಿಸಿನೀರಿನ ಕೊಳವೆ. ಕಲ್ಲಿದ್ದಲು ಸುಡುವುದು ಬಂದ್. ಚಳಿಗಾಲದಲ್ಲಿ ಸೊನ್ನೆಯ ಕೆಳಗೆ ನಲವತ್ತು ಡಿಗ್ರಿಗಿಳಿಯುವ ಊರಿನಲ್ಲಿ ಇದರ ಅರ್ಥ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಮುನ್ನೂರ ನಲವತ್ತು ಗೆರ್‌ಗಳು ಹಿಮ ಬೀಳುವ ಮೊದಲು ಸರ್ಟಿಫಿಕೇಟು ಪಡೆಯಬೇಕಿತ್ತು. ಅದನ್ನು ಸಾಧಿಸಲು ಬಂದವರು ಅಂಕೋಲೆಯ ಸುಗಂಧಿ ನಾಯಕ. ಚೀಫ್ ಇಂಜಿನಿಯರ್, ನನ್ನ ಮೇಲಧಿಕಾರಿ. ಮೀನು ಸಿಗದ ಊರಿನಲ್ಲಿ ಮೂರು ವರ್ಷ ಕೆಲಸ ಮಾಡುತ್ತೇನೆಂದು ಒಪ್ಪಿಕೊಂಡ ಹೆಂಗಸು ಎಂದರೆ ಅವರ ಹಟ ಎಂಥದ್ದೆಂದು ತಿಳಿಯುತ್ತದೆ.

ನಿಯಮಕ್ಕೆ ತಕ್ಕಂತೆ ಒಂದೊಂದೇ ತಿದ್ದಿದೆವು. ಬೆಂಕಿ ಹತ್ತದ ಹಾಗೆ ಉಣ್ಣೆಗೆ ಉಪ್ಪಿನ ದ್ರಾವಣ ಕುಡಿಸಿದೆವು. ಬಾಗಿ ಹೋಗಬೇಕಾಗಿದ್ದ ಬಾಗಿಲನ್ನು ಆಳೆತ್ತರ ಮಾಡಿದೆವು. ನೆತ್ತಿಗಾಲಿಯ ಮೇಲೆ ಗಾಜು ಕೂರಿಸಿದೆವು. ಇನ್ನು ಉಳಿದದ್ದು ಗಾಳಿ. ಅಲ್ಲಿ ನನ್ನ ಕೈಚಳಕ ಬೇಕಾಯಿತು. ಕರೆಂಟು ಹರಿದರೆ ಸ್ನಾಯುವಿನಂತೆ ಕುಗ್ಗುವ ತಂತಿಯನ್ನು ಉಣ್ಣೆಯ ಹುರಿಯೊಳಗೆ ಸೇರಿಸಿ ಅಂಗೈ ಅಗಲದ ಪಟ್ಟಿ ನೇಯ್ದೆ. ಗೋಡೆಯ ಸುತ್ತ ಸೊಂಟಕ್ಕೆ ಕಟ್ಟಿದ ಹಾಗೆ ಮೂರು ಪಟ್ಟಿ. ಗಾಳಿ ಎದ್ದದ್ದು ಗೊತ್ತಾದ ಕೂಡಲೇ ಅವು ತಾವೇ ಬಿಗಿದುಕೊಳ್ಳುತ್ತವೆ. ತಂತಿ ತಂತಿಗೆ ತಾಗದಂತೆ ಅದಕ್ಕೆ ನಮ್ಮ ಹಾಲಿನವರು ಏನೇನೋ ಬಳಿದು ನೋಡಿ ಸೋತಿದ್ದರು. ನಾನು ಊರಿಂದ ಮೂಟೆ ಹುಣಿಸೆ ಬೀಜ ತರಿಸಿ, ನಮ್ಮಮ್ಮ ಕಂಬಳಿಯ ಹಾಸುನೂಲಿಗೆ ಬಳಿಯುತ್ತಿದ್ದ ಹಾಗೆ ಅರೆದು ಕುದಿಸಿ ಅಂಟುಗಂಜಿ ಮಾಡಿ ಬಳಿದೆ. ಹಿಡಿಯಿತು! ಆ ದಿನ ನಾನು ಅರ್ಧ ಅಡಿ ಎತ್ತರ ಬೆಳೆದೆ. ಆ ಅರ್ಧ ಅಡಿಯೇ ಮುಂದೆ ನನ್ನನ್ನು ಕೆಡಿಸಿತು.

ಪರೀಕ್ಷೆಗೆ ಹಳೆಯ ಗೆರ್ ಒಂದು ಬೇಕಿತ್ತು. ದುಲ್ಮಾ ಎಂಬ ಅಜ್ಜಿ ತನ್ನದನ್ನೇ ಕೊಟ್ಟಳು. ಎಪ್ಪತ್ತೊಂದು ವಯಸ್ಸು, ಗಂಡ ಇಲ್ಲ, ಮಗಳು ಸರ್ನೈ ಆಗ ಐದು ತಿಂಗಳ ಬಸುರಿ. ಅಜ್ಜಿಗೆ ಕನ್ನಡ ಬಾರದು, ನನಗೆ ಮಂಗೋಲಿ ಬಾರದು. ಕಿವಿಯಲ್ಲಿಡುವ ದುಭಾಷಿ ಗುಂಡಿಗಳು ನಮ್ಮ ನಡುವೆ ಕೆಲಸ ಮಾಡುತ್ತಿದ್ದವು. ಅವಕ್ಕೆ ನಮಗೆ ಬೇಕಾದ ದನಿ ಕಲಿಸಬಹುದಿತ್ತು. ನನ್ನ ಫೋನಿನಲ್ಲಿ ಇದ್ದದ್ದು ಸೋದರತ್ತೆ ಬಾಳವ್ವ ಕಳಿಸುತ್ತಿದ್ದ ಉದ್ದುದ್ದ ಮಾತುಗಳು, ಅವನ್ನೇ ಊಡಿಸಿದೆ. ಹಾಗಾಗಿ ದುಲ್ಮಾ ಬಾಯಿ ತೆರೆದರೆ ನನಗೆ ಕೇಳುತ್ತಿದ್ದದ್ದು ಮೆಡ್ಲೇರಿಯ ಅತ್ತೆ. ಮೊದಲ ದಿನವೇ ಬೈದಳು.

"ಏನ್ ತಮ್ಮಾ, ಬಾಗಲಾ ಇಷ್ಟೆತ್ರ ಮಾಡೀಯಲ್ಲ? ಮಂದಿ ಒಂಟಿಯಂಗ ಕುತಿಗಿ ಎತ್ತಿ ನೆಟ್ಟಗ ಒಳಗ ಬರ್ತಾರ. ತಲಿ ತಗ್ಗಸಲಿಲ್ಲಂದ್ರ ಮನೀಗೆ ಏನ್ ಮರ್ಯಾದಿ ಉಳೀತು?"

"ಬೆಂಕಿ ಬಿದ್ರ ಓಡಿ ಹೋಗಾಕ ಆಯಿ."

"ಬೆಂಕಿ ಬಿದ್ರ ಬಾಗಲದಾಗ ಯಾಕ ಹೋಗ್ಲಿ? ಗ್ವಾಡಿ ಎತ್ತಿ ಆ ಕಡಿ ಇಡತೀವಿ." ಸರ್ನೈ ಬಿದ್ದು ಬಿದ್ದು ನಕ್ಕಳು. ನಾನೂ ನಕ್ಕೆ. ಕುರಿಬಾಲದ ಕೊಬ್ಬು ತೇಲುವ ಉಪ್ಪು ಚಹಾ ಕೊಟ್ಟರು. ಮೂರನೆಯ ಬಟ್ಟಲಿಗೆ ಅದು ರುಚಿಸಿತು ಕೂಡ.

ನೆತ್ತಿಗಾಲಿಯಿಂದ ಒಂದು ಹಗ್ಗ ಇಳಿದಿತ್ತು. ಕುದುರೆ ಬಾಲದ ಕೂದಲಿನದು, ಅಜ್ಜಿಯ ಅತ್ತೆ ಹೊಸೆದದ್ದಂತೆ. ಬೇರೆ ದಿನ ಅದನ್ನು ಸುರುಳಿ ಮಾಡಿ ಕೋಲುಗಳ ಸಂದಿಗೆ ಸಿಕ್ಕಿಸಿಡುತ್ತಾರೆ. ಬಿರುಗಾಳಿ ಎದ್ದಾಗ ಬಿಚ್ಚಿ ಮನೆಯವರಲ್ಲಿ ಒಬ್ಬರು ಜೋತುಬಿದ್ದು ಹಿಡಿಯುತ್ತಾರೆ. ನಿಯಮ ೯೭: ಒಳಗೆ ತೂಗುವ ಹಗ್ಗ, ಬಳ್ಳಿ, ಸರಪಳಿ ಕೂಡದು, ಮಕ್ಕಳ ಕುತ್ತಿಗೆಗೆ ಅಪಾಯ. ನಾನೇ ಏಣಿ ಹತ್ತಿ ಬಿಚ್ಚಿ ಅಜ್ಜಿಯ ಕೈಗೆ ಕೊಟ್ಟೆ.

"ಗಾಳಿ ಬಂದ್ರ ಏನ್ ಹಿಡೀಲಿ?"

"ಹಿಡಿಯೂದ ಬ್ಯಾಡ ಆಯಿ. ಮನೀನ ತನ್ನನ್ನ ತಾ ಹಿಡಕೊಂತೈತಿ."

ಅವಳು ಹಗ್ಗವನ್ನು ಮೊಣಕಾಲಿಗೆ ಸುತ್ತುತ್ತ ಹೇಳಿದಳು: "ಖಾಲಿ ಮನಿ ಗಾಳೀಗೆ ನಿಂತಿದ್ದು ನಾ ಕಂಡಿಲ್ಲ ತಮ್ಮಾ. ನಾ ಒಳಗ ಕೂಡ್ತೀನಿ ಬಿಡು ಅವತ್ತು."

ತಮಾಷೆ ಎಂದುಕೊಂಡೆ.

ಸೆಪ್ಟೆಂಬರಿನ ಕೊನೆಯ ವಾರ, ಬೆಳಗಿನ ಹತ್ತು ಗಂಟೆ. ಅಜ್ಜಿಯ ಮನೆಯನ್ನು ಹಾಲಿನ ನಡುವೆ ನಿಲ್ಲಿಸಿದ್ದೆವು. ಪೆಟ್ಟಿಗೆ, ಮಂಚ, ಒಲೆ ಎಲ್ಲ ಇದ್ದ ಹಾಗೇ. ಬಳಕೆಯ ಭಾರ ಇರಲಿ ಎಂದು. ಒಳಗೆ ಕ್ಯಾಮೆರಾ ಇಡೋಣ ಎಂದು ಸುಗಂಧಿ ಮೇಡಂ ಹೇಳಿದಾಗ ದುಲ್ಮಾ ಒಪ್ಪಿರಲಿಲ್ಲ. ನನ್ನ ಹಾಸಿಗೆ ಕಡೆ ಕಣ್ಣು ಬೇಡ ಎಂದಿದ್ದಳು. ಆದ್ದರಿಂದ ಅಳತೆಯ ಸಾಧನಗಳು ಮಾತ್ರ.

ಫ್ಯಾನು ತಿರುಗಿಸುವ ಮೊದಲು ಒಳಗೆ ಯಾರೂ ಇಲ್ಲವೆಂದು ನೋಡುವುದು ನನ್ನ ಕೆಲಸ. ಬೂಟಿಗೆ ಎಣ್ಣೆ ಮೆತ್ತಿತ್ತು. ಅಜ್ಜಿಯ ಹಾಸು ಹೊಲಸಾದೀತೆಂದು ಹೊಸ್ತಿಲ ಹೊರಗೇ ನಿಂತು "ಯಾರರ ಅದಾರೇನ?" ಎಂದು ಒಂದು ಸಲ ಕೂಗಿದೆ. ಉತ್ತರವಿಲ್ಲ. ಬಾಗಿಲು ಹಾಕಿ ಕಂಟ್ರೋಲ್ ರೂಮಿಗೆ ಬಂದೆ.

ಗಾಳಿ ಸೆಕೆಂಡಿಗೆ ಇಪ್ಪತ್ತು ಮೀಟರ್ ಆಯಿತು. ಪಟ್ಟಿಗಳು ಗುಂಯ್ ಎಂದು ಬಿಗಿದವು. ಇಪ್ಪತ್ತೆಂಟು. ಗೋಡೆ ಅಲುಗಲಿಲ್ಲ. ಮೂವತ್ತೆರಡಕ್ಕೆ ನೆತ್ತಿಗಾಲಿ ಏಳತೊಡಗಿತು. ದುಂಡು ಚಾವಣಿಯ ಮೇಲೆ ಗಾಳಿ ಜೋರಾಗಿ ಹಾಯ್ದರೆ ಅದು ಒತ್ತುವುದಿಲ್ಲ, ಮೇಲಕ್ಕೆ ಹೀರುತ್ತದೆ. ನಾಲ್ಕು ಮಿಲಿಮೀಟರ್, ಒಂಬತ್ತು, ಹದಿನೈದು. ಇಪ್ಪತ್ತೈದಾದರೆ ಕೋಲುಗಳು ತೂತಿನಿಂದ ಕಳಚುತ್ತವೆ.

"ಮಾಳಪ್ಪ, ನಿಲ್ಸಿ ಬಿಡ್ಲಾ?" ಎಂದರು ಮೇಡಂ. ಅವರ ಬೆರಳು ಕೆಂಪು ಗುಂಡಿಯ ಮೇಲಿತ್ತು.

"ಒಂದ್ ನಿಮಿಷ ಮೇಡಂ, ಪಟ್ಟಿ ಹಿಡೀತಾವ್ರಿ."

ಹತ್ತೊಂಬತ್ತು. ಆಮೇಲೆ ಮುಳ್ಳು ಸರ್ರನೆ ಮೂರಕ್ಕೆ ಇಳಿಯಿತು. ಅಲ್ಲೇ ನಿಂತಿತು. ಮೂವತ್ತನಾಲ್ಕು ಮೀಟರ್ ಗಾಳಿಯಲ್ಲಿ ಹತ್ತು ನಿಮಿಷ ಮನೆ ಬೆಟ್ಟದ ಬಂಡೆಯಂತೆ ಕೂತಿತು. ಮೇಡಂ ನನ್ನ ಬೆನ್ನಿಗೆ ಗುದ್ದಿದರು. "ಹಿಡೀತಲ್ರೀ ಮಾರಾಯ್ರೆ ನಿಮ್ಮ ಪಟ್ಟಿ! ಹುಣಿಸೆಬೀಜದ ಪಟ್ಟಿ!" ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ತೆರೆಯ ಮೇಲಿನ ಗೆರೆಯನ್ನೇ ನೋಡುತ್ತಿದ್ದೆ. ಪಟ್ಟಿ ಹಿಡಿದಿದ್ದರೆ ಗೆರೆ ಮೆಲ್ಲಗೆ ಇಳಿಯಬೇಕು. ಇದು ಯಾರೋ ಜಗ್ಗಿದ ಹಾಗೆ ಇಳಿದಿತ್ತು. ನೆತ್ತಿಗಾಲಿಯ ಮೇಲೆ ಕೆಳಮುಖವಾಗಿ ಐವತ್ತೆಂಟು ಕಿಲೋ ಭಾರ ತೋರಿಸುತ್ತಿತ್ತು.

ಮೊದಲು ನಾನೊಬ್ಬನೇ ಒಳಗೆ ಹೋದೆ.

ದುಲ್ಮಾ ನೆಲದ ಮೇಲೆ ಕೂತಿದ್ದಳು. ಹಗ್ಗ ಗಾಲಿಯಿಂದ ಇಳಿದು ಅವಳ ಸೊಂಟಕ್ಕೆ ಎರಡು ಸುತ್ತು ಬಂದಿತ್ತು. ಮಂಚದ ಪರದೆಯ ಹಿಂದೆ ಅಡಗಿದ್ದಳಂತೆ. ಗಾಲಿ ಏಳುವ ಸದ್ದು ಕೇಳಿ ಪೆಟ್ಟಿಗೆಯ ಮೇಲೆ ಹತ್ತಿ ಹಗ್ಗ ಬಿಗಿದು ಜೋತುಬಿದ್ದಳಂತೆ. ಎರಡೂ ಅಂಗೈ ಸುಲಿದು ರಕ್ತ ಬರುತ್ತಿತ್ತು. ಮುಖದಲ್ಲಿ ಮಾತ್ರ ಪಂದ್ಯ ಗೆದ್ದ ಹುಡುಗಿಯ ಕಳೆ.

"ಬಿಡಲಿಲ್ಲ ನೋಡು!" ಎಂದಳು. "ನಿನ್ನ ಪಟ್ಟಿ ಸೊಂಟ ಹಿಡೀತು, ಭೇಷ್ ಐತಿ. ತಲಿ ಹಿಡಿಯಾಕ ಒಬ್ರು ಬೇಕಪಾ. ಬರ್ಕೋ ಇದನ್ನ. ಬರ್ಕೊಂಡಿ?"

ನಾನು "ಹೂಂ ಆಯಿ, ಬರ್ಕೊಂಡೆ" ಎಂದೆ.

ಇಷ್ಟೇ ನಾನು ಮಾಡಿದ್ದು. ಒಂದು ಹೂಂ.

ಅವಳ ಕೈಗೆ ಬಟ್ಟೆ ಸುತ್ತಿ ಪರೀಕ್ಷೆಯ ಹಾಲಿನ ಹಿಂದಿನ ಬಾಗಿಲಿನಿಂದ ಕಳಿಸಿದೆ. ಹಗ್ಗ ಬಿಚ್ಚಿ ಅವಳ ಚೀಲಕ್ಕೆ ಹಾಕಿದೆ. ಆಮೇಲೆ ಫಾರಂ ತುಂಬಿದೆ. ಹದಿನಾಲ್ಕನೆಯ ಸಾಲು: ಪರೀಕ್ಷೆಯ ಹೊತ್ತಿಗೆ ಒಳಗೆ ಯಾರೂ ಇರಲಿಲ್ಲ. ಹೌದು ಎಂದು ಗುರುತು ಹಾಕಿ ಸಹಿ ಮಾಡಿದೆ.

ಯಾಕೆ ಮಾಡಿದೆ ಎಂದು ಕೇಳಿದರೆ ನನ್ನ ಹತ್ತಿರ ಬೇಕಾದಷ್ಟು ಕಾರಣಗಳಿದ್ದವು. ಪರೀಕ್ಷೆ ಬಿದ್ದುಹೋದರೆ ಇನ್ನೊಂದಕ್ಕೆ ಎರಡು ತಿಂಗಳು, ಅಷ್ಟರಲ್ಲಿ ಹಿಮ, ಮುನ್ನೂರ ನಲವತ್ತು ಮನೆಗೆ ಶಾಖ ಇಲ್ಲ, ಬಸುರಿ ಸರ್ನೈಗೆ ಇಲ್ಲ. ಇದೆಲ್ಲ ನಿಜ. ಆದರೆ ಸಹಿ ಮಾಡುವಾಗ ನನ್ನ ತಲೆಯಲ್ಲಿದ್ದದ್ದು ಇವು ಯಾವುದೂ ಅಲ್ಲ. ಎಣ್ಣೆ ಮೆತ್ತಿದ ನನ್ನ ಬೂಟು ಇತ್ತು, ಒಳಗೆ ಹೋಗದೆ ಹೊಸ್ತಿಲಲ್ಲೇ ಕೂಗಿ ಬಂದವನು ಎಂದು ಮೇಡಂ ಅಂದಾರೆಂಬ ಹೆದರಿಕೆ ಇತ್ತು, "ಹುಣಿಸೆಬೀಜದ ಪಟ್ಟಿ" ಎಂಬ ಚಪ್ಪಾಳೆ ಇತ್ತು. ಉಳಿದ ಕಾರಣಗಳನ್ನು ಆಮೇಲೆ ಜೋಡಿಸಿಕೊಂಡೆ.

ಅಕ್ಟೋಬರ್ ಮುಗಿಯುವುದರೊಳಗೆ ಎಲ್ಲ ಮನೆಗಳಿಗೂ ಸರ್ಟಿಫಿಕೇಟಿನ ತಗಡು ಬಡಿದೆವು. ಒಂದು ದಿನ ಬೆಚ್ಚಗಿನ ಕೊಳವೆಗೆ ಬೆನ್ನು ಕೊಟ್ಟು ಕೂತ ಮುದುಕರು ನನ್ನ ಕೈ ಹಿಡಿದು ಮೂಗಿಗೆ ನಶ್ಯ ಹಿಡಿದರು. ಜನ ಆ ಮನೆಗಳ ಜೊತೆ ಹೊಂದಿಕೊಂಡ ಚಂದ ನೋಡಬೇಕಿತ್ತು. ಗಾಳಿಗೆ ಮೊದಲು ಪಟ್ಟಿಗಳು ಗುಂಯ್ ಎನ್ನುತ್ತಿದ್ದವು. ನಾಯಿಗಳು ವಾರದಲ್ಲೇ ಅದರ ಜೊತೆ ರಾಗ ಎಳೆಯಲು ಕಲಿತವು. ಮೊದಲೆಲ್ಲ ಗಾಳಿ ಎದ್ದರೆ ಮನೆಯಲ್ಲೊಬ್ಬರು ಎಚ್ಚರ ಇರಬೇಕಿತ್ತು. ಈಗ "ಮನೀಗೆ ಎಚ್ಚರೈತಿ" ಎಂದು ಹೊದ್ದು ಮಲಗುತ್ತಿದ್ದರು. ಬಿಗಿದಾಗ ಪಟ್ಟಿ ಬೆಚ್ಚಗಾಗುತ್ತಿತ್ತು. ಹೆಂಗಸರು ಅದನ್ನು ಕಂಡುಹಿಡಿದು ಒದ್ದೆ ಕಾಲುಚೀಲಗಳನ್ನು ಅದರ ಸಂದಿಗೆ ಸಿಕ್ಕಿಸಿ ಒಣಗಿಸತೊಡಗಿದರು. ನನ್ನ ಪಟ್ಟಿಗೆ ಇಡೀ ಊರು ಕಾಲುಚೀಲ ತೊಡಿಸಿತ್ತು.

ಹಳೆಯ ಹಗ್ಗಗಳಲ್ಲಿ ಕೆಲವು ಕುರಿ ಕಟ್ಟಲು ಹೋದವು, ಕೆಲವು ಮಕ್ಕಳ ಜೋಕಾಲಿಯಾದವು. ದುಲ್ಮಾ ಮಾತ್ರ ಯಾರನ್ನೂ ಕೇಳದೆ ತನ್ನದನ್ನು ಮತ್ತೆ ಗಾಲಿಗೆ ಕಟ್ಟಿ, ಕೋಲುಗಳ ಸಂದಿಗೆ ಸಿಕ್ಕಿಸಿಟ್ಟಿದ್ದಳು. ಹೋದಾಗೆಲ್ಲ ನನ್ನ ಕಣ್ಣು ಮೊದಲು ಅಲ್ಲಿಗೇ ಹೋಗುತ್ತಿತ್ತು. ಜನವರಿಯಲ್ಲಿ ಸರ್ನೈ ಹೆತ್ತಳು, ಹೆಣ್ಣು. ಅವಳೂ ಗಂಡನೂ ಊರಿನ ಪಶ್ಚಿಮದ ಸಾಲಿನಲ್ಲಿ ಹೊಸ ಗೆರ್ ಹಾಕಿಕೊಂಡಿದ್ದರು. ಗಂಡ ಲಾರಿ ಓಡಿಸುತ್ತಿದ್ದ. ಅವರ ಮನೆಯಲ್ಲಿ ಹಗ್ಗ ಇರಲಿಲ್ಲ. ಪಟ್ಟಿಯನ್ನು ಸುಧಾರಿಸುತ್ತೇನೆ, ಬೇಸಿಗೆಗೆ ಮೊದಲು ನೆತ್ತಿ ಹಿಡಿಯುವ ನಾಲ್ಕನೆಯ ಪಟ್ಟಿ ಸೇರಿಸುತ್ತೇನೆ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ನಕ್ಷೆ ಕೂಡ ಬರೆದೆ. ಆದರೆ ಅದು ಯಾಕೆ ಬೇಕೆಂದು ಮೇಡಂ ಕೇಳಿದರೆ ಹೇಳಬೇಕಲ್ಲ. ನಕ್ಷೆ ಡ್ರಾಯರಿನಲ್ಲೇ ಉಳಿಯಿತು.

ಏಪ್ರಿಲಿನ ಒಂದು ಬೆಳಿಗ್ಗೆ ಮಣ್ಣಿನ ಗಾಳಿ ಬಂತು. ಮೂವತ್ತಮೂರು ಮೀಟರ್. ಪಶ್ಚಿಮದ ಸಾಲಿನ ತುದಿಯ ಮನೆ ಸರ್ನೈಯದು, ಅದಕ್ಕೆ ನೇರ ಬಡಿಯಿತು. ಸರ್ನೈ ಮಗುವಿಗೆ ಹಾಲು ಕುಡಿಸುತ್ತಿದ್ದಳು. ನೆತ್ತಿಗಾಲಿ ಎದ್ದದ್ದನ್ನು ಕಂಡು ಮಗುವನ್ನು ಮಂಚದಡಿ ತಳ್ಳಿ, ತಾನು ಪೆಟ್ಟಿಗೆ ಹತ್ತಿ ಕೈ ಎತ್ತಿದಳಂತೆ. ತಾಯಿಯ ಮನೆಯ ರೂಢಿ, ಕೈ ತಾನಾಗಿ ಹೋಗಿದೆ. ಹಿಡಿಯಲು ಅಲ್ಲಿ ಏನೂ ಇರಲಿಲ್ಲ. ಕೋಲುಗಳು ಕಳಚಿದವು, ಗಾಜು ಸಮೇತ ಗಾಲಿ ಅವಳ ಮೇಲೆ ಬಿತ್ತು. ಮಗುವಿಗೆ ಒಂದು ಗೀರೂ ಆಗಲಿಲ್ಲ. ಸರ್ನೈಯ ಎಡಭುಜ ಮತ್ತು ಬೆನ್ನಿನ ಎರಡು ಮೂಳೆ ಮುರಿದವು.

ಆಸ್ಪತ್ರೆಗೆ ಓಡಿದೆ. ಹೊರಗಿನ ಬೆಂಚಿನಲ್ಲಿ ದುಲ್ಮಾ ಮೊಮ್ಮಗಳನ್ನು ನಿಲುವಂಗಿಯೊಳಗೆ ಹಾಕಿಕೊಂಡು ಕೂತಿದ್ದಳು. ಬೈಯುತ್ತಾಳೆ ಎಂದುಕೊಂಡಿದ್ದೆ, ಬೈದರೆ ಸಾಕೆಂದುಕೊಂಡಿದ್ದೆ. ಅವಳು ನನ್ನ ತೋಳು ಹಿಡಿದು, ಏನೂ ಅರಿಯದ ಮಗುವಿನ ಹಾಗೆ ಕೇಳಿದಳು.

"ತಮ್ಮಾ, ಆಕಿ ಮನ್ಯಾಗ ಹಗ್ಗ ಯಾಕ ಇರಲಿಲ್ಲ? ನೀ ಬರ್ಕೊಂಡಿದ್ದಿ ಹೌದಿಲ್ಲೋ? ಒಬ್ರು ಹಿಡೀಬೇಕಂತ ಪುಸ್ತಕದಾಗ ಬಂದೈತಿ, ಅಂದಮ್ಯಾಲ ಎಲ್ಲಾ ಮನೀಗೂ ಹಗ್ಗ ಕೊಟ್ಟಿರ್ತಾರಂತ ನಾ ತಿಳ್ಕೊಂಡಿದ್ದೆ. ಆಕಿ ಮನ್ಯಾಗ ನಾ ತಲಿ ಎತ್ತಿ ನೋಡಲಿಲ್ಲ, ಆಕೀಗೆ ಹೇಳಲೇ ಇಲ್ಲ. ನೀ ಬರ್ದೀಯಂತ ನಾ ಹೇಳಲಿಲ್ಲ."

ಕಿವಿಯಲ್ಲಿ ಬಾಳವ್ವತ್ತೆಯ ದನಿ. ನಾನು ಗುಂಡಿಯನ್ನು ಕಿತ್ತು ಜೇಬಿಗೆ ಹಾಕಿದೆ. ಅಜ್ಜಿಯ ಬಾಯಿ ಇನ್ನೂ ಆಡುತ್ತಲೇ ಇತ್ತು.

ಮಾರನೆಯ ದಿನ ಕಂಟ್ರೋಲ್ ರೂಮಿನಲ್ಲಿ ಸುಗಂಧಿ ಮೇಡಂ ತನಿಖೆಯ ಕರಡು ತೋರಿಸಿದರು. ಬಿದ್ದ ಮನೆಯ ಪಟ್ಟಿಯ ಸಂದಿಯಲ್ಲಿ ಮಗುವಿನ ಮೂರು ಕಾಲುಚೀಲ ಸಿಕ್ಕಿದ್ದವು. "ನಿವಾಸಿಯು ಪಟ್ಟಿಯ ಅಡಿಯಲ್ಲಿ ಬಟ್ಟೆ ತುರುಕಿದ್ದರಿಂದ ಹಿಡಿತ ಸಡಿಲವಾಗಿ ಅವಘಡ ಸಂಭವಿಸಿದೆ." ಹೀಗೆ ಬರೆದರೆ ಸರ್ನೈಗೆ ಬೇರೆ ಮನೆ ಸಿಗುವುದಿಲ್ಲ, ಚಿಕಿತ್ಸೆಯ ನೆರವೂ ಇಲ್ಲ. ಅದಕ್ಕಿಂತ ಹೆಚ್ಚಾಗಿ, ಮಗುವಿನ ಕಾಲುಚೀಲದಿಂದ ತನ್ನ ಬೆನ್ನು ಮುರಿಯಿತು ಎಂದುಕೊಂಡು ಅವಳು ಜೀವನವಿಡೀ ಮಲಗಬೇಕು.

"ಮೂರು ಕಾಲುಚೀಲಕ್ಕೆ ಹೀಗಾಗ್ತದಾ?" ಎಂದು ಮೇಡಂ ತಮ್ಮನ್ನೇ ಕೇಳಿಕೊಂಡರು. "ಲೆಕ್ಕ ಕೂಡ್ತಾ ಇಲ್ಲ. ಆದ್ರೆ ಪರೀಕ್ಷೆಯಲ್ಲಿ ನಿಂತಿತ್ತಲ್ಲ."

"ನಿಂತಿರಲಿಲ್ರಿ ಮೇಡಂ," ಎಂದೆ.

ಎಲ್ಲವನ್ನೂ ಹೇಳಿದೆ. ಬೂಟು, ಪರದೆ, ಸುಲಿದ ಅಂಗೈ, ಐವತ್ತೆಂಟು ಕಿಲೋ, ಹೂಂ. ಅವರು ಹಳೆಯ ಗೆರೆಯನ್ನು ತೆರೆಯ ಮೇಲೆ ತಂದು, ಸರ್ರನೆ ಇಳಿದ ಜಾಗವನ್ನು ಬೆರಳಿನಿಂದ ಮುಟ್ಟಿದರು.

"ಏಳು ತಿಂಗಳು," ಎಂದರು. "ಏಳು ತಿಂಗಳು ನನ್ನ ಎದುರು ಕೂತು ಊಟ ಮಾಡಿದ್ದೀರಿ ಮಾಳಪ್ಪ. ಈ ಗೆರೆಯನ್ನ ನಾನೂ ನೋಡ್ಬೇಕಿತ್ತು. ಚಪ್ಪಾಳೆ ಹೊಡಿತಾ ಕೂತೆ." ಆಮೇಲೆ ಎದ್ದು ನಿಂತರು. "ನಿಮ್ಮನ್ನ ಏನು ಮಾಡ್ಬೇಕೋ ಅದನ್ನ ಮೇಲಿನವರು ಮಾಡ್ತಾರೆ. ಶುಕ್ರವಾರ ಇನ್ನೊಂದು ಗಾಳಿ ಬರ್ತಾ ಇದೆ. ಮೂವತ್ತೈದು ಮೀಟರ್. ಶಾಲೆಯ ಹಾಲಿನಲ್ಲಿ ಹಿಡಿಯೋದು ಇನ್ನೂರು ಜನ. ಹಗ್ಗ ಎಷ್ಟು ಸಿಕ್ತದೆ ನೋಡಿ, ಹೋಗಿ."

ಮೂರು ದಿನ ನಾನು ಮಾಡಿದ್ದು ಅದೊಂದೇ. ಕುರಿಯ ಕೊರಳಿನಿಂದ ಬಿಚ್ಚಿದೆವು, ಜೋಕಾಲಿಯಿಂದ ಇಳಿಸಿದೆವು, ಸಾಲದ್ದಕ್ಕೆ ಹೊಸದು ಹೊಸೆದೆವು. ಮೆಡ್ಲೇರಿಯಲ್ಲಿ ಕಲಿತ ಹುರಿ ಅಲ್ಲಿ ಕೆಲಸಕ್ಕೆ ಬಂತು. ಬಾಗಿಲು ಬಾಗಿಲಿಗೆ ಹೋಗಿ ಸರ್ಟಿಫಿಕೇಟಿನ ತಗಡು ಕಿತ್ತು, "ನಾನು ಸುಳ್ಳು ಬರೆದಿದ್ದೆ" ಎಂದು ಹೇಳಿ, ಹಗ್ಗ ಕಟ್ಟಿಕೊಟ್ಟೆ. ಕೆಲವರು ಉಗುಳಿದರು. ಒಬ್ಬಳು ಚಹಾ ಕೊಟ್ಟಳು. ಅದು ಉಗುಳಿದ್ದಕ್ಕಿಂತ ಹೆಚ್ಚು ಚುಚ್ಚಿತು. ಐವತ್ತೆಂಟಕ್ಕಿಂತ ಹಗುರಾದವರು ಇಬ್ಬರು ಹಿಡಿಯಬೇಕೆಂದು ಕುರಿ ತೂಗುವ ತಕ್ಕಡಿಯಲ್ಲಿ ಊರನ್ನೇ ತೂಗಿದೆವು. ಬಾತಾರ್ ಎಂಬ ಡೊಳ್ಳುಹೊಟ್ಟೆಯ ಕಟುಕ ನೂರ ಹದಿನೆಂಟು ತೂಗಿ, "ನೋಡ್ರಿ, ನಾನೊಬ್ಬನ ಎರಡ ಮನಿ!" ಎಂದು ಹೊಟ್ಟೆ ಬಡಿದುಕೊಂಡ. ಜನ ನಕ್ಕರು. ನಗುವ ಹಕ್ಕು ನನಗಿದೆಯೋ ಇಲ್ಲವೋ ತಿಳಿಯದೆ ನಾನು ತಕ್ಕಡಿಯ ಮುಳ್ಳು ನೋಡಿದೆ.

ಗುರುವಾರ ಸರ್ನೈಯನ್ನು ನೋಡಲು ಹೋದೆ. ಕಾಲುಚೀಲದಿಂದಲ್ಲ, ನನ್ನಿಂದ ಎಂದು ಹೇಳಿದೆ. ಅವಳು ಕೇಳಿಸಿಕೊಂಡಳು. ಆಮೇಲೆ ಮುಖವನ್ನು ಗೋಡೆಯ ಕಡೆ ತಿರುಗಿಸಿದಳು. ಇಂದಿಗೂ ತಿರುಗಿಸಿಯೇ ಇದ್ದಾಳೆ. ಅದು ಅವಳದು, ಅದರಲ್ಲಿ ನಾನು ಕೇಳುವುದು ಏನೂ ಇಲ್ಲ.

ಶುಕ್ರವಾರ ಮಧ್ಯಾಹ್ನ ಆಕಾಶ ಇಟ್ಟಿಗೆಯ ಬಣ್ಣಕ್ಕೆ ತಿರುಗಿತು. ನಾನು ದುಲ್ಮಾಳ ಮನೆಗೆ ಹೋದೆ. ಅಳಿಯ ಆಸ್ಪತ್ರೆಯಲ್ಲಿ ಹೆಂಡತಿಯ ಹತ್ತಿರ ಇದ್ದ. ಮೊಮ್ಮಗಳು ಅಜ್ಜಿಯ ತೊಡೆಯ ಮೇಲೆ. ಮಗುವನ್ನೂ ಹಗ್ಗವನ್ನೂ ಒಟ್ಟಿಗೆ ಹಿಡಿಯಲಾಗದು. ಹೊಸ್ತಿಲಲ್ಲಿ ಬೂಟು ಬಿಚ್ಚಿದೆ. ಬಾಗಿಲು ಆಳೆತ್ತರವಿದ್ದರೂ ತಲೆ ತಗ್ಗಿಸಿ ಒಳಗೆ ಹೋದೆ. ಅವಳು ಮಗುವಿನೊಡನೆ ಮಂಚದ ಕಡೆ ಸರಿದಳು. ಕೋಲುಗಳ ಸಂದಿಯಿಂದ ಸುರುಳಿ ಬಿಚ್ಚಿದೆ, ಸೊಂಟಕ್ಕೆ ಎರಡು ಸುತ್ತು ಹಾಕಿದೆ, ಕೂದಲಿನ ಹುರಿಯನ್ನು ಮುಷ್ಟಿಯಲ್ಲಿ ಹಿಡಿದೆ. ಒಣಗಿದ ರಕ್ತದ ಕಲೆ ಅದರಲ್ಲಿ ಇನ್ನೂ ಇತ್ತು.

ಪಟ್ಟಿಗಳು ಗುಂಯ್ ಎಂದವು. ಹೊರಗೆ ನಾಯಿಗಳು ರಾಗ ಎತ್ತಿದವು. ಇಡೀ ಊರಿನಲ್ಲಿ ಈ ಹೊತ್ತಿಗೆ ಮುನ್ನೂರಕ್ಕೂ ಹೆಚ್ಚು ಜನ ಹೀಗೆ ನಿಂತಿದ್ದಾರೆ ಎಂದು ನೆನೆದೆ. ನೆತ್ತಿಗಾಲಿ ಒಮ್ಮೆ ಕಿರ್ರೆಂದು ಮೇಲೆದ್ದಿತು.

"ತಮ್ಮಾ," ಎಂದಳು ದುಲ್ಮಾ ಗಾಳಿಯ ಮೇಲೆ ದನಿ ಎತ್ತಿ. ಮಗುವಿನ ತಲೆಯನ್ನು ಅಂಗೈಯಿಂದ ಮುಚ್ಚಿದ್ದಳು. "ಬರ್ಕೊಂಡಿ?"

"ಇಲ್ಲ ಆಯಿ," ಎಂದೆ. "ಎರಡೂ ಕೈಯಾಗ ಹಗ್ಗ ಐತಿ."

ಅವಳು ಏನೋ ಹೇಳಿದಳು, ಗಾಳಿಯಲ್ಲಿ ಕಿವಿಯ ಗುಂಡಿಗೆ ಅದು ಸಿಗಲಿಲ್ಲ. ಹಗ್ಗ ಬಿಗಿಯಿತು. ನನ್ನ ಹಿಮ್ಮಡಿಗಳು ನೆಲ ಬಿಟ್ಟವು. ಮನೆ ನನ್ನನ್ನು ತೂಗಿ ನೋಡುತ್ತಿತ್ತು.